ಅಡವಿಟ್ಟ ಮಳಿಗೆಯೂ ಹೊಸ ಒಡೆಯನೂ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಕಬ್ಬನ್ನೂ ತಂಬಾಕನ್ನೂ ಬೆಳೆಯುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ, ಹೊಲದ ಉತ್ಪನ್ನದಲ್ಲಿ ಖರ್ಚು ಕಳೆದು ಉಳಿದುದನ್ನು ಪೇಟೆಯ ಕಟ್ಟಡಕ್ಕೆ ಹಾಕಿ, ಆ ಕಟ್ಟಡದ ಬಾಡಿಗೆಯಿಂದ ಮುಪ್ಪಿನ ಕಾಲವನ್ನು ನಿಶ್ಚಿಂತೆಯಿಂದ ಕಳೆಯಬೇಕೆಂಬುದು ತಲೆಮಾರುಗಳಿಂದ ನಡೆದುಬಂದಿರುವ ಗೃಹಸ್ಥನೀತಿಯಾಗಿದೆ. ನಿಪ್ಪಾಣಿಯ ತಂಬಾಕಿನ ವಖಾರಿ, ಚಿಕ್ಕೋಡಿಯ ಪೇಟೆಯ ಮಳಿಗೆಗಳ ಸಾಲು, ಅಥಣಿಯ ಅಡತ ಅಂಗಡಿಯ ಮೇಲಿನ ಮಹಡಿ, ರಾಯಬಾಗದಲ್ಲಿಯೂ ಕಾಗವಾಡದಲ್ಲಿಯೂ ನೌಕರಿಯವರಿಗಾಗಿ ಕಟ್ಟಿಸಿದ ಎರಡು ಮೂರು ಮನೆಗಳು, ಇವೆಲ್ಲವೂ ಆ ನೀತಿಯ ಫಲಗಳೇ ಆಗಿವೆ. ಆದರೆ ಕೇವಲ ಕೈಯ ಹಣದಿಂದ ಕಟ್ಟಡವೆಬ್ಬಿಸುವ ಶಕ್ತಿ ಎಷ್ಟು ಜನರಿಗೆ ಇದ್ದೀತು? ಆದಕಾರಣ ಮೂಲ ಖರೇದಿ ಪತ್ರವನ್ನು ಯಾವುದೋ ಅರ್ಬನ್ ಸಹಕಾರಿ ಬ್ಯಾಂಕಿನ ಇಲ್ಲವೆ ಸೌಹಾರ್ದ ಪತ್ತಿನ ಸಂಸ್ಥೆಯ ತಿಜೋರಿಯಲ್ಲಿಟ್ಟು, ಉತಾರದ ಮೇಲೆ ಬೋಜಾ ಏರಿಸಿಕೊಂಡು, ತಿಂಗಳ ಬಾಡಿಗೆಯಿಂದ ತಿಂಗಳ ಕಂತನ್ನು ತೀರಿಸುತ್ತ ನಡೆಯುವ ಮಾಲೀಕರೇ ಈ ಭಾಗದಲ್ಲಿ ಹೆಚ್ಚು.

ಇಂತಹ ಮಾಲೀಕರಲ್ಲಿ ಕೆಲವರು ಈಚೆಗೆ ಒಂದು ಪ್ರಶ್ನೆಯನ್ನು ವಕೀಲರ ಮುಂದೆಯೂ ಲೆಕ್ಕಪರಿಶೋಧಕರ ಮುಂದೆಯೂ ಇಡತೊಡಗಿದ್ದಾರೆ. ಪುಣೆ, ಬೆಂಗಳೂರುಗಳಲ್ಲಿ ಕಲಿತುಬಂದ ಮಗನೋ, ಅಮೆರಿಕೆಯಲ್ಲಿ ನೆಲೆಸಿದ ಅಳಿಯನೋ ಹಬ್ಬಕ್ಕೆ ಊರಿಗೆ ಬಂದಾಗ, ಬಾಡಿಗೆಯ ಕಟ್ಟಡವನ್ನು ಸ್ವಂತ ಹೆಸರಿನಲ್ಲಿ ಇಟ್ಟುಕೊಳ್ಳುವುದು ಅಪಾಯವೆಂದೂ, ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನು ಸ್ಥಾಪಿಸಿ ಅದರ ಹೆಸರಿಗೆ ಕಟ್ಟಡವನ್ನು ವರ್ಗಾಯಿಸಿದರೆ ನಾಳೆ ಏನೇ ವ್ಯಾಜ್ಯ ಬಂದರೂ ಇರುವ ಮನೆಗೂ ಹೊಲಕ್ಕೂ ಅದರ ಬಿಸಿ ತಟ್ಟದೆಂದೂ ಹೇಳಿ ಹೋಗುತ್ತಾನೆ. ಮಾತಿನಲ್ಲಿ ತಥ್ಯವಿಲ್ಲವೆಂದಲ್ಲ. ವಖಾರಿಗೆ ಬೆಂಕಿ ಬಿದ್ದು ಕೂಲಿಯಾಳಿಗೆ ಅನಾಹುತವಾದೀತು. ಗೋಡೆ ಕುಸಿದು ದಾರಿಹೋಕನಿಗೆ ಪೆಟ್ಟಾದೀತು. ಅಂತಹ ಸಂದರ್ಭದ ಹೊಣೆಯು ಕಂಪನಿಯ ಆಸ್ತಿಯಷ್ಟಕ್ಕೇ ಪರಿಮಿತವಾಗಿ ನಿಲ್ಲುವುದು ಸಾಧ್ಯವುಂಟು. ಆದರೆ ಕಟ್ಟಡದ ಮೇಲೆ ಸಾಲವಿರುವಾಗ ಈ ಸಲಹೆಯು ಎಷ್ಟರ ಮಟ್ಟಿಗೆ ಫಲಿಸೀತು, ಅದಕ್ಕಾಗಿ ತೆರಬೇಕಾದ ಬೆಲೆಯೆಷ್ಟು ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ಆವಶ್ಯಕ.

ಎಲ್ಲಕ್ಕೂ ಮೊದಲು ಮನದಟ್ಟಾಗಬೇಕಾದ ಸಂಗತಿಯೆಂದರೆ, ಕಂಪನಿಯೆಂಬುದು ಕಾನೂನಿನ ದೃಷ್ಟಿಯಲ್ಲಿ ನಿಮ್ಮಿಂದ ಸರ್ವಥಾ ಭಿನ್ನವಾದ ಇನ್ನೊಬ್ಬ ವ್ಯಕ್ತಿ. ಇಂಗ್ಲೆಂಡಿನ ಚರ್ಮದ ವ್ಯಾಪಾರಿ ಸಾಲೊಮನ್ ಎಂಬಾತನ ಮೊಕದ್ದಮೆಯಲ್ಲಿ 1897ರಷ್ಟು ಹಿಂದೆಯೇ ಅಲ್ಲಿಯ ಹೌಸ್ ಆಫ್ ಲಾರ್ಡ್ಸ್ ಈ ತತ್ತ್ವವನ್ನು ಸ್ಥಾಪಿಸಿತು. ಹೆಚ್ಚುಕಡಿಮೆ ಎಲ್ಲ ಶೇರುಗಳೂ ಒಬ್ಬನ ಕೈಯಲ್ಲೇ ಇದ್ದರೂ ಕಂಪನಿ ಬೇರೆ, ಅವನು ಬೇರೆ ಎಂದು ಅದು ತೀರ್ಪಿತ್ತಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು ಬಾಚಾ ಗಜ್ದಾರ್ ಪ್ರಕರಣದಲ್ಲಿ, ಚಹದ ತೋಟದ ಕಂಪನಿಯೊಂದರ ಲಾಭಾಂಶದ ವಿಷಯವನ್ನು ವಿಚಾರಿಸುತ್ತ, ಶೇರುದಾರನಿಗೆ ಕಂಪನಿಯ ಆಸ್ತಿಯಲ್ಲಿ ಯಾವ ಸ್ವಾಮ್ಯವೂ ಇಲ್ಲವೆಂಬುದನ್ನು ನಿಸ್ಸಂದಿಗ್ಧವಾಗಿ ಸಾರಿತು. ಹೊಣೆಯಿಂದ ರಕ್ಷಣೆ ದೊರೆಯುವುದು ಈ ಭಿನ್ನತೆಯ ಬಲದಿಂದಲೇ. ಇದಕ್ಕೆ ತೆರಬೇಕಾದ ಬೆಲೆಯೂ ಇದೇ ಭಿನ್ನತೆಯಿಂದಲೇ ಹುಟ್ಟುತ್ತದೆ. ಕಟ್ಟಡವನ್ನು ಸ್ವಂತ ಕಂಪನಿಗೆ ಕೊಡುವಾಗಲೂ ನೀವು ಅದನ್ನು ಪರರಿಗೆ ಕೊಟ್ಟಂತೆಯೇ ಆಗುತ್ತದೆ, ಪರರಿಗೆ ಮಾರಿದಾಗ ಆಗುವ ಪರಿಣಾಮಗಳೆಲ್ಲವೂ ಒಂದೂ ತಪ್ಪದೆ ಆಗುತ್ತವೆ.

ಕಂಪನಿಯ ಸಭೆಯಲ್ಲಿ ಠರಾವು ಮಾಡಿ, ಲೆಕ್ಕದ ಪುಸ್ತಕದಲ್ಲಿ ಕಟ್ಟಡವನ್ನು ಜಮಾ ತೋರಿಸಿದ ಮಾತ್ರಕ್ಕೆ ಸ್ವಾಮ್ಯವು ಬದಲಾಗುವುದೆಂದು ನಂಬಿರುವವರು ಇದ್ದಾರೆ. ಅದು ತಪ್ಪು ತಿಳುವಳಿಕೆ. 1882ರ ಸ್ವತ್ತು ಹಸ್ತಾಂತರ ಕಾನೂನಿನಂತೆ ನೂರು ರೂಪಾಯಿಯ ಮೇಲಿನ ಸ್ಥಿರ ಆಸ್ತಿಯ ಮಾರಾಟವು ನೋಂದಾಯಿತ ಪತ್ರದಿಂದಲ್ಲದೆ ಸಿದ್ಧಿಸದು; ಮುಖತ್ಯಾರ ಪತ್ರದ ಮೂಲಕ ಮಾಡುವ ಮಾರಾಟ ಮಾರಾಟವೇ ಅಲ್ಲವೆಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಟ್ಟಕಡೆಯ ಮಾತನ್ನು ಹೇಳಿಯಾಗಿದೆ. ಹಾಗಾದಮೇಲೆ ಸಬ್ ರಜಿಸ್ಟ್ರಾರ ಕಚೇರಿಗೆ ಹೋಗಲೇಬೇಕು, ಸರಕಾರದ ಮಾರ್ಗಸೂಚಿ ಬೆಲೆಯ ಮೇಲೆ ಮುದ್ರಾಂಕ ಶುಲ್ಕವನ್ನು ಕೊಡಲೇಬೇಕು. ನಿಪ್ಪಾಣಿ ಪಟ್ಟಣದೊಳಗಿನ ಒಂದು ವಖಾರಿಯ ಮಾರ್ಗಸೂಚಿ ಬೆಲೆ 1 ಕೋಟಿ ರೂಪಾಯಿ ಎಂದು ಭಾವಿಸೋಣ. ಶೇಕಡಾ 5ರಂತೆ ಮುದ್ರಾಂಕ ಶುಲ್ಕ 5 ಲಕ್ಷ, ಆ ಶುಲ್ಕದ ಮೇಲಿನ ಉಪಕರ 50 ಸಾವಿರ, ಅಧಿಭಾರ 10 ಸಾವಿರ, 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿಸಲ್ಪಟ್ಟ ನೋಂದಣಿ ಶುಲ್ಕ 2 ಲಕ್ಷ, ಒಟ್ಟು 7 ಲಕ್ಷ 60 ಸಾವಿರ ರೂಪಾಯಿ. ಕಟ್ಟಡದ ಮೇಲೆ 40 ಲಕ್ಷ ಸಾಲವಿರುವುದರಿಂದ ಉಳಿದ 60 ಲಕ್ಷಕ್ಕಷ್ಟೇ ಶುಲ್ಕ ಬಂದೀತೆಂದು ಎಣಿಸುವವರಿಗೆ ನಿರಾಶೆ ಕಾದಿದೆ. ತೀರದಿರುವ ಅಡವಿನ ಸಾಲವನ್ನೂ ಪ್ರತಿಫಲದ ಭಾಗವೆಂದೇ ಮುದ್ರಾಂಕ ಕಾನೂನು ಪರಿಗಣಿಸುತ್ತದೆ. ಗಡಿಯಾಚೆ ಕೊಲ್ಲಾಪುರದಲ್ಲೋ ಇಚಲಕರಂಜಿಯಲ್ಲೋ ಕಂಪನಿಯನ್ನು ಸ್ಥಾಪಿಸಿದರೆ ಈ ಶುಲ್ಕ ತಪ್ಪುವುದೆಂಬ ಮಾತಿನಲ್ಲಿಯೂ ಹುರುಳಿಲ್ಲ. ಕಟ್ಟಡವು ಕರ್ನಾಟಕದ ನೆಲದ ಮೇಲಿರುವವರೆಗೆ ಕರ್ನಾಟಕದ ದರವೇ ಅನ್ವಯಿಸತಕ್ಕದ್ದು.

ಮುದ್ರಾಂಕದ ಹಿಂದೆಯೇ ಬಂಡವಾಳ ಲಾಭದ ತೆರಿಗೆ ಬಂದು ನಿಲ್ಲುತ್ತದೆ. ಅದೇ ವಖಾರಿಯು ಅಜ್ಜನ ಕಾಲದ್ದೆಂದೂ, 2001ರ ಏಪ್ರಿಲ್ 1ರಂದು ಅದರ ಬೆಲೆ 10 ಲಕ್ಷವಿತ್ತೆಂದೂ ಇಟ್ಟುಕೊಂಡರೆ, ಕಾನೂನಿನ ಲೆಕ್ಕದಲ್ಲಿ ಲಾಭವು 90 ಲಕ್ಷವಾಗುತ್ತದೆ. ಈಗಿನ ಶೇಕಡಾ 12.5ರ ದರದಲ್ಲಿ ಮೂಲ ತೆರಿಗೆಯೇ 11 ಲಕ್ಷ 25 ಸಾವಿರ, ಅದರ ಮೇಲೆ ಅಧಿಭಾರವೂ ಉಪಕರವೂ ಬೇರೆ. ಹಣದುಬ್ಬರದ ಸೂಚ್ಯಂಕವನ್ನು ಲೆಕ್ಕಕ್ಕೆ ಹಿಡಿದು ಶೇಕಡಾ 20ರಂತೆ ಕೊಡುವ ಹಳೆಯ ಮಾರ್ಗವು 2024ರ ಜುಲೈ 23ಕ್ಕೆ ಮುಂಚೆ ಕೊಂಡ ಆಸ್ತಿಗೆ ತೆರೆದೇ ಇದ್ದರೂ ಈ ಉದಾಹರಣೆಯಲ್ಲಿ ಅದು ಇನ್ನೂ ಹೆಚ್ಚಿನ ಮೊತ್ತವನ್ನೇ ಕೇಳುತ್ತದೆ. ಹೀಗೆ ಎರಡೂ ಕೂಡಿ ಹತ್ತೊಂಬತ್ತು ಲಕ್ಷಕ್ಕೆ ಸಮೀಪಿಸುವ ಹಣವನ್ನು ಕೊಡುವ ಮನುಷ್ಯನ ಕೈಗೆ ಪ್ರತಿಯಾಗಿ ಬಂದುದೇನು? ಒಂದು ರೂಪಾಯಿಯ ನಗದೂ ಅಲ್ಲ, ತನ್ನದೇ ಕಂಪನಿಯ ಶೇರುಪತ್ರಗಳು ಮಾತ್ರ. ಒಬ್ಬನೇ ನಡೆಸುವ ವ್ಯಾಪಾರವು ಸಮಗ್ರವಾಗಿ, ಆಸ್ತಿ ಮತ್ತು ಸಾಲ ಎರಡರ ಸಹಿತ, ಕಂಪನಿಯಾಗಿ ಪರಿವರ್ತನೆ ಹೊಂದಿದಾಗ, ಶೇರುಗಳಲ್ಲದೆ ಬೇರೆ ಪ್ರತಿಫಲವನ್ನು ಪಡೆಯದೆ, ಅರ್ಧಕ್ಕೆ ಕಡಿಮೆಯಿಲ್ಲದ ಶೇರುಗಳನ್ನು ಐದು ವರ್ಷ ಉಳಿಸಿಕೊಂಡರೆ ಬಂಡವಾಳ ಲಾಭದ ತೆರಿಗೆ ಇಲ್ಲವೆಂಬ ವಿನಾಯಿತಿಯು 1961ರ ಆದಾಯ ತೆರಿಗೆ ಕಾನೂನಿನಲ್ಲಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಆದಾಯ ತೆರಿಗೆ ಕಾನೂನಿನಲ್ಲಿಯೂ ಈ ತತ್ತ್ವವು ಮುಂದುವರಿದಿದೆ. ಆದರೆ ಎರಡು ಮನೆಗಳ ಬಾಡಿಗೆಯನ್ನು ಎಣಿಸಿಕೊಳ್ಳುವುದು ವ್ಯಾಪಾರವೆಂದು ತೆರಿಗೆಯ ಅಧಿಕಾರಿ ಒಪ್ಪುವನೆಂಬ ಭರವಸೆಯ ಮೇಲೆ ಇಷ್ಟು ದೊಡ್ಡ ಹೆಜ್ಜೆಯನ್ನಿಡುವುದು ವಿವೇಕವಲ್ಲ.

ಇನ್ನು ಸಾಲದ ವಿಷಯ. ಇದೇ ಈ ಲೇಖನದ ಹೃದಯಭಾಗವಾದುದರಿಂದ ಸ್ವಲ್ಪ ನಿಧಾನವಾಗಿ ನಡೆಯೋಣ. ಗಹಾಣ ಇಟ್ಟ ಆಸ್ತಿಯನ್ನು ಮಾರಲೇ ಬಾರದೆಂದು ಮೂಲ ಕಾನೂನು ಹೇಳುವುದಿಲ್ಲ. ಅಡವಿಟ್ಟವನಿಗೆ ಸಾಲ ತೀರಿಸಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು ಸದಾ ಉಳಿದಿರುತ್ತದೆ, ಆ ಹಕ್ಕು ಸ್ವತಃ ಒಂದು ಆಸ್ತಿ, ಅದನ್ನು ಇನ್ನೊಬ್ಬರಿಗೆ ಕೊಡಬಹುದು. ಕೊಂಡವನಾದರೋ ಅಡವಿನ ಭಾರವನ್ನು ಹೊತ್ತುಕೊಂಡೇ ಕಟ್ಟಡವನ್ನು ಕೊಳ್ಳುತ್ತಾನೆ. ಹೆಗಲು ಬದಲಾದರೂ ನೊಗ ಎತ್ತಿನ ಮೇಲಿಂದ ಇಳಿಯದಂತೆ, ಕಟ್ಟಡ ಯಾರ ಹೆಸರಿಗೆ ಹೋದರೂ ಬ್ಯಾಂಕಿನ ಹಿಡಿತ ಅದರ ಬೆನ್ನು ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತುಂಟು. ಆಸ್ತಿಯು ಕಂಪನಿಗೆ ಹೋದರೂ ಸಾಲವನ್ನು ತೀರಿಸುವ ವೈಯಕ್ತಿಕ ಹೊಣೆಯು ಸಾಲಪತ್ರಕ್ಕೆ ಸಹಿ ಹಾಕಿದವನನ್ನು ಬಿಟ್ಟು ಹೋಗದು. ಸಾಲಗಾರನ ಸ್ಥಾನದಲ್ಲಿ ಕಂಪನಿಯನ್ನು ನಿಲ್ಲಿಸಬೇಕಾದರೆ ಸಾಲ ಕೊಟ್ಟವನ ಒಪ್ಪಿಗೆಯುಳ್ಳ ಹೊಸ ಕರಾರು ಬೇಕು. ಅದಿಲ್ಲದೆ ಮಾಡಿದ ವರ್ಗಾವಣೆಯಿಂದ ಆಗುವುದೆಂದರೆ, ಕಟ್ಟಡವು ಕಂಪನಿಯದಾಗಿ ಸಾಲವು ಮಾತ್ರ ಮನುಷ್ಯನದಾಗಿಯೇ ಉಳಿಯುವ ವಿಪರೀತ ಸ್ಥಿತಿ.

ಕಾನೂನು ಬಿಟ್ಟುಕೊಟ್ಟುದನ್ನು ಕರಾರು ಹಿಡಿದಿಡುತ್ತದೆ. ಯಾವುದೇ ಬ್ಯಾಂಕಿನ ಅಡವು ಪತ್ರವನ್ನು ತೆಗೆದು ಓದಿದರೂ, ಬ್ಯಾಂಕಿನ ಲಿಖಿತ ಸಮ್ಮತಿಯಿಲ್ಲದೆ ಆಸ್ತಿಯನ್ನು ಮಾರಕೂಡದು, ದಾನ ಕೊಡಕೂಡದು, ಸ್ವಾಧೀನವನ್ನು ಬಿಟ್ಟುಕೊಡಕೂಡದು, ಹಾಗೆ ಮಾಡಿದಲ್ಲಿ ಸಮಸ್ತ ಸಾಲವನ್ನೂ ಒಮ್ಮೆಲೇ ಕೇಳುವ ಅಧಿಕಾರ ಬ್ಯಾಂಕಿಗೆ ಉಂಟು ಎಂಬ ಅರ್ಥದ ಷರತ್ತು ಕಾಣಿಸಿಕೊಳ್ಳುತ್ತದೆ. ಕಂತುಗಳನ್ನು ಒಂದು ದಿನವೂ ತಪ್ಪದೆ ಕಟ್ಟಿದವನೂ ಈ ಷರತ್ತನ್ನು ಮುರಿದನೆಂಬ ಕಾರಣದಿಂದ ತಪ್ಪಿತಸ್ಥನಾಗಬಹುದು. ನಮ್ಮ ಜನ ಸಾಲದ ಮೊತ್ತವನ್ನೂ ಬಡ್ಡಿಯ ದರವನ್ನೂ ಗಮನವಿಟ್ಟು ನೋಡಿ, ಉಳಿದ ಪುಟಗಳಿಗೆ ತೋರಿಸಿದಲ್ಲೆಲ್ಲ ಸಹಿ ಹಾಕುವ ರೂಢಿಯುಳ್ಳವರು. ಆ ಪುಟಗಳ ಪ್ರತಿಯನ್ನು ಬ್ಯಾಂಕಿನಿಂದ ಕೇಳಿ ಪಡೆದು ಓದಿಸಿಕೊಳ್ಳುವುದು ಸಾಲಗಾರನ ಹಕ್ಕೆಂಬುದನ್ನು ಹಲವರು ಮರೆತಿದ್ದಾರೆ.

ಸಾಲ ಕೊಟ್ಟದ್ದು ಸಹಕಾರಿ ಸಂಸ್ಥೆಯಾಗಿದ್ದರೆ, ಈ ಐದು ತಾಲೂಕುಗಳಲ್ಲಿ ಪ್ರಾಯಶಃ ಹಾಗೆಯೇ ಇರುವುದರಿಂದ, ಇನ್ನೊಂದು ತೊಡಕು ಎದುರಾಗುತ್ತದೆ. ಸಹಕಾರಿ ಸಂಸ್ಥೆಯು ಸಾಲ ಕೊಡುವುದು ತನ್ನ ಸದಸ್ಯನಿಗೆ. ಸದಸ್ಯನಾಗಿ ಶೇರು ಕೊಂಡವನು ವ್ಯಕ್ತಿಯೇ ಹೊರತು ನಿನ್ನೆ ಮೊನ್ನೆ ಹುಟ್ಟಿದ ಕಂಪನಿಯಲ್ಲ. ಕಂಪನಿಯನ್ನು ಸದಸ್ಯನನ್ನಾಗಿ ಸೇರಿಸಿಕೊಳ್ಳಲು ಆ ಸಂಸ್ಥೆಯ ಉಪವಿಧಿಗಳಲ್ಲಿ ಅವಕಾಶವಿದೆಯೇ, ಅಷ್ಟು ಮೊತ್ತದ ಸಾಲವನ್ನು ಕಂಪನಿಗೆ ಕೊಡುವ ಅಧಿಕಾರ ಅದಕ್ಕಿದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯದಿದ್ದರೆ, ಖರೇದಿ ಮುಗಿದ ಮೇಲೆ ಸಾಲವನ್ನು ಕಂಪನಿಯ ಹೆಸರಿಗೆ ಮಾಡಿಕೊಡಲು ಬಾರದೆಂಬ ಉತ್ತರ ಬಂದೀತು. ಇನ್ನು ಸಹಕಾರಿ ಬ್ಯಾಂಕುಗಳ ಹಸ್ತ ಮೃದುವೆಂಬ ಹಳೆಯ ಭಾವನೆಯನ್ನು ಬಿಡುವುದು ಒಳ್ಳೆಯದು. ನಿಪ್ಪಾಣಿಯ ನೆರೆಯ ಕಾಗಲ ತಾಲೂಕಿನ ಮುರಗೂಡದ ವಿಶ್ವಾಸರಾವ್ ಪಾಟೀಲ ಸಹಕಾರಿ ಬ್ಯಾಂಕಿನ ಪ್ರಕರಣವೇ ದಿಲ್ಲಿಯವರೆಗೆ ಹೋಗಿ, 2020ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, 2002ರ ಸರ್ಫೇಸಿ ಕಾನೂನಿನ ಅಧಿಕಾರವು ಸಹಕಾರಿ ಬ್ಯಾಂಕುಗಳಿಗೂ ಉಂಟೆಂದು ನಿರ್ಣಯಿಸಿತು. ಕೂಗಳತೆಯ ಊರಿನ ಒಂದು ಬ್ಯಾಂಕಿನ ವ್ಯಾಜ್ಯದಿಂದ ದೇಶದ ಎಲ್ಲ ಸಹಕಾರಿ ಬ್ಯಾಂಕುಗಳ ಸಾಲಗಾರರ ಭವಿಷ್ಯ ನಿಶ್ಚಿತವಾಯಿತು. ಸಾಲ ಕೆಟ್ಟುಹೋದಾಗ ಅರವತ್ತು ದಿವಸಗಳ ನೋಟೀಸು ಕೊಟ್ಟು, ದಿವಾಣಿ ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಅಡವಿನ ಆಸ್ತಿಯನ್ನು ವಶಪಡಿಸಿಕೊಂಡು ಹರಾಜು ಹಾಕುವ ಆ ಕಾನೂನು, ನೋಟೀಸು ಮುಟ್ಟಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಆಸ್ತಿಯನ್ನು ಮಾರುವುದನ್ನೂ ಲಾವಣಿಗೆ ಕೊಡುವುದನ್ನೂ ನಿಷೇಧಿಸುತ್ತದೆ.

ಕಂತು ತಪ್ಪತೊಡಗಿದ ಮೇಲೆ ಕಂಪನಿಯ ಮರೆಯನ್ನು ಹುಡುಕುವವರಿಗೆ ಸ್ಪಷ್ಟವಾಗಿ ಹೇಳಬೇಕಾದುದುಂಟು: ಸಾಲ ಕೊಟ್ಟವರಿಗೆ ವಂಚನೆ ಮಾಡುವ ಉದ್ದೇಶದಿಂದ ಮಾಡಿದ ಹಸ್ತಾಂತರವನ್ನು ಸಾಲ ಕೊಟ್ಟವನು ರದ್ದುಗೊಳಿಸಿಕೊಳ್ಳಬಹುದೆಂದು 1882ರ ಕಾನೂನೇ ಹೇಳಿದೆ. ಆ ದಾರಿಯು ಮುಚ್ಚಿದ ದಾರಿ. ಅದನ್ನು ತೋರಿಸಿಕೊಡುವ ಸಲಹೆಗಾರನು ನಿಮ್ಮ ಹಿತೈಷಿಯಲ್ಲ.

ಬ್ಯಾಂಕು ಸಂತೋಷದಿಂದ ಒಪ್ಪಿಕೊಂಡಿತೆಂದೇ ಭಾವಿಸೋಣ. ಆಗ ಅದು ಕೇಳುವ ಮೊದಲ ಕಾಗದ ಯಾವುದು? ನಿರ್ದೇಶಕರ ವೈಯಕ್ತಿಕ ಜಾಮೀನು. 1872ರ ಕರಾರು ಕಾನೂನಿನಂತೆ ಜಾಮೀನುದಾರನ ಹೊಣೆಯು ಮೂಲ ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದು. ಕಂಪನಿಯನ್ನು ಮೊದಲು ಬೆನ್ನಟ್ಟಿ ಬಳಿಕ ಜಾಮೀನುದಾರನ ಬಳಿಗೆ ಬರಬೇಕೆಂಬ ನಿರ್ಬಂಧವೂ ಬ್ಯಾಂಕಿಗಿಲ್ಲ. ಅಲ್ಲಿಗೆ, ಯಾವ ಪರಿಮಿತ ಹೊಣೆಯ ಆಸೆಯಿಂದ ಹತ್ತೊಂಬತ್ತು ಲಕ್ಷವನ್ನು ವೆಚ್ಚ ಮಾಡಿದೆವೋ ಆ ಪರಿಮಿತಿಯು ಅತ್ಯಂತ ದೊಡ್ಡ ಸಾಲಿಗನಾದ ಬ್ಯಾಂಕಿನ ಮಟ್ಟಿಗೆ ಇಲ್ಲದಂತಾಯಿತು. ಉಳಿದುದು ಬೆಂಕಿ, ಅಪಘಾತ, ಬಾಡಿಗೆದಾರನ ದಾವೆಗಳಂತಹ ಆಕಸ್ಮಿಕಗಳ ವಿರುದ್ಧದ ರಕ್ಷಣೆ ಮಾತ್ರ. ಅದನ್ನಾದರೂ ಒಂದು ಯೋಗ್ಯವಾದ ವಿಮಾಪತ್ರದಿಂದ ವರ್ಷಕ್ಕೆ ಅತ್ಯಲ್ಪ ವೆಚ್ಚದಲ್ಲಿ ಬಹುಮಟ್ಟಿಗೆ ಪಡೆಯಬಹುದಾಗಿದೆ. ಸಣ್ಣ ಮಾಲೀಕನ ವಿಷಯದಲ್ಲಿ ಇಡೀ ವಾದವು ಸೋಲುವುದು ಈ ಸ್ಥಳದಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕೆಯ ಅಳಿಯನ ಮಾತಿಗೆ ಅಲ್ಲಿಯ ಪರಿಸ್ಥಿತಿಯನ್ನೇ ಮುಂದಿಟ್ಟು ಉತ್ತರ ಕೊಡಬಹುದು. ಅಲ್ಲಿ ಎಲ್‌ಎಲ್‌ಸಿ (ಪರಿಮಿತ ಹೊಣೆಯ ಕಂಪನಿ) ಎಂಬ ಸಂಸ್ಥಾರೂಪವು 1977ರಲ್ಲಿ ವಯೋಮಿಂಗ್ ಪ್ರಾಂತದ ಕಾನೂನಿನಿಂದ ಹುಟ್ಟಿ ಕ್ರಮೇಣ ಎಲ್ಲ ಪ್ರಾಂತಗಳಿಗೂ ಹಬ್ಬಿತು. ಅದರ ಆದಾಯವು ಸಾಮಾನ್ಯವಾಗಿ ನೇರವಾಗಿ ಸದಸ್ಯರ ಆದಾಯವೆಂದೇ ಎಣಿಸಲ್ಪಡುವುದರಿಂದ ಎರಡು ಸಲ ತೆರಿಗೆಯ ತೊಂದರೆ ಅಲ್ಲಿಲ್ಲ. ಆ ಸೌಕರ್ಯವಿದ್ದ ದೇಶದಲ್ಲಿಯೂ ಅಡವಿನ ಮನೆಯ ವರ್ಗಾವಣೆ ಸುಗಮವಲ್ಲ. ಆಸ್ತಿ ಕೈ ಬದಲಿಸಿದೊಡನೆ ಪೂರ್ಣ ಸಾಲವನ್ನು ಕೇಳುವ ಬ್ಯಾಂಕಿನ ಷರತ್ತನ್ನು 1982ರ ಗಾರ್ನ್–ಸೇಂಟ್ ಜರ್ಮೇನ್ ಕಾನೂನು ಎತ್ತಿಹಿಡಿಯಿತು. ಕುಟುಂಬದವರಿಗೆ ಮಾಡುವ ಕೆಲವು ವರ್ಗಾವಣೆಗಳಿಗೂ, ಸಾಲಗಾರನೇ ಫಲಾನುಭವಿಯಾಗಿರುವ ಜೀವಿತಕಾಲದ ಟ್ರಸ್ಟಿಗೂ ಅದು ವಿನಾಯಿತಿ ಕೊಟ್ಟಿತೇ ಹೊರತು ಎಲ್‌ಎಲ್‌ಸಿಗೆ ಕೊಡಲಿಲ್ಲ. ನಮ್ಮಲ್ಲಿ ಅದಕ್ಕೆ ಹತ್ತಿರವಾದುದು 2008ರ ಕಾನೂನಿನ ಪರಿಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ. ಸಂಸ್ಥೆಯು ತೆರಿಗೆ ಕೊಟ್ಟ ಮೇಲೆ ಪಾಲುದಾರರ ಲಾಭದ ಪಾಲಿಗೆ ಮತ್ತೆ ತೆರಿಗೆಯಿಲ್ಲವೆಂಬುದೂ, ವಹಿವಾಟು 40 ಲಕ್ಷವನ್ನೂ ಬಂಡವಾಳ 25 ಲಕ್ಷವನ್ನೂ ಮೀರುವವರೆಗೆ ಲೆಕ್ಕಪರಿಶೋಧನೆ ಕಡ್ಡಾಯವಲ್ಲವೆಂಬುದೂ ಅದರ ಗುಣಗಳು.

ಕಂಪನಿಯ ವಿಷಯ ಹಾಗಲ್ಲ. ವಹಿವಾಟು ಎಷ್ಟೇ ಅಲ್ಪವಾಗಿರಲಿ ಪ್ರತಿ ವರ್ಷ ಲೆಕ್ಕಪರಿಶೋಧನೆ ಆಗಲೇಬೇಕು, ವಾರ್ಷಿಕ ವಿವರಗಳನ್ನು ರಿಜಿಸ್ಟ್ರಾರರಿಗೆ ಒಪ್ಪಿಸಲೇಬೇಕು. ಬಾಡಿಗೆಯ ಮೇಲೆ ಕಂಪನಿಯು ತೆರಿಗೆ ಕೊಟ್ಟ ತರುವಾಯ ಉಳಿದುದನ್ನು ಲಾಭಾಂಶವೆಂದು ಹಂಚಿಕೊಂಡರೆ, 2020ರ ಏಪ್ರಿಲ್‌ನಿಂದೀಚೆಗೆ, ಶೇರುದಾರನು ತನ್ನ ಕೈಯಲ್ಲಿ ಇನ್ನೊಮ್ಮೆ ತೆರಿಗೆ ಕೊಡಬೇಕು. ಮಗಳ ಮದುವೆಗೆಂದು ಕಂಪನಿಯ ಖಾತೆಯಿಂದ ಹಣವನ್ನು ಕೈಗಡವಾಗಿ ತೆಗೆದರೆ ಅದನ್ನೂ ಲಾಭಾಂಶವೆಂದೇ ಪರಿಗಣಿಸಿ ತೆರಿಗೆ ಹಾಕುವ ವಿಧಿಯುಂಟು. ಬಾಡಿಗೆಯ ಹಣವೆಂದರೆ ಮನೆಯ ಖರ್ಚಿನ ಹಣವೆಂದೇ ತಿಳಿದು ಬಂದಿರುವ ಸಂಸಾರಸ್ಥನಿಗೆ ಈ ಶಿಸ್ತು ಬಹಳ ಕಠಿಣವಾಗಿ ಕಂಡೀತು. ವಿವರಗಳನ್ನು ಒಪ್ಪಿಸದೆ ಸತತ ಮೂರು ವರ್ಷ ಕಳೆದರೆ ನಿರ್ದೇಶಕನು ಐದು ವರ್ಷ ಅನರ್ಹನಾಗುತ್ತಾನೆ. ಕಂಪನಿಯ ಹೆಸರು ಪಟ್ಟಿಯಿಂದ ಅಳಿಸಿಹೋದರೆ, ಅದನ್ನು ಮತ್ತೆ ಬದುಕಿಸಲು ಕಾಗವಾಡದ ಮಾಲೀಕನು ಬೆಂಗಳೂರಿನಲ್ಲಿರುವ ಕಂಪನಿ ಕಾನೂನು ನ್ಯಾಯಮಂಡಳಿಯ ಬಾಗಿಲಿಗೆ ಹೋಗಬೇಕಾಗುತ್ತದೆ.

ಬಾಡಿಗೆದಾರರ ವಿಷಯದಲ್ಲಿ ಹೆಚ್ಚು ತೊಡಕಿಲ್ಲ. ಹೊಸ ಮಾಲೀಕನಿಗೆ ಹಳೆಯ ಮಾಲೀಕನ ಹಕ್ಕುಗಳೆಲ್ಲ ತಾವಾಗಿಯೇ ಸಂದುಹೋಗುತ್ತವೆ, ಬಾಡಿಗೆದಾರನ ಒಪ್ಪಿಗೆ ಬೇಕಿಲ್ಲ. ಆದರೆ ವರ್ಗಾವಣೆಯ ಸುದ್ದಿ ತಿಳಿಯದೆ ಅವನು ಹಳೆಯ ಮಾಲೀಕನಿಗೆ ಕೊಟ್ಟ ಬಾಡಿಗೆಯನ್ನು ಮತ್ತೆ ಕೇಳಲು ಬರುವುದಿಲ್ಲವಾದುದರಿಂದ ಲಿಖಿತ ನೋಟೀಸು ಕೊಡುವುದು ಒಳಿತು. ವಿಮೆಯ ಮಾತನ್ನು ಮಾತ್ರ ಒತ್ತಿ ಹೇಳಬೇಕು. ತಂಬಾಕು ತುಂಬಿದ ವಖಾರಿಯ ಬೆಂಕಿಯ ವಿಮೆಯು ವ್ಯಕ್ತಿಯ ಹೆಸರಿನಲ್ಲಿಯೇ ಉಳಿದು, ಸ್ವಾಮ್ಯವು ಕಂಪನಿಗೆ ಹೋಗಿದ್ದರೆ, ಅನಾಹುತವಾದ ದಿನ ಪರಿಹಾರದ ಅರ್ಜಿಯು ತಿರಸ್ಕೃತವಾಗುವ ಭಯವಿದೆ.

ಇಷ್ಟೆಲ್ಲಕ್ಕಿಂತಲೂ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಮನೆಯ ಹೆಣ್ಣುಮಕ್ಕಳ ಹಕ್ಕಿನ ಪ್ರಶ್ನೆ. ವಖಾರಿಯೋ ಮಳಿಗೆಯೋ ಪಿತ್ರಾರ್ಜಿತವಾಗಿದ್ದರೆ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಬಲದಿಂದ ಮಗಳೂ ಮಗನಷ್ಟೇ ಸಮಾನವಾಗಿ ಜನ್ಮತಃ ಪಾಲುದಾರಳು; ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಜೀವಿಸಿದ್ದನೇ ಇಲ್ಲವೇ ಎಂಬುದು ಅಮುಖ್ಯವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿದೆ. ಹೀಗಿರಲಾಗಿ, ಅಣ್ಣತಮ್ಮಂದಿರಿಬ್ಬರು ಕಂಪನಿಯ ಶೇರುಗಳನ್ನು ಅರ್ಧರ್ಧ ಬರೆದುಕೊಂಡು, ಇಚಲಕರಂಜಿಗೋ ಜಮಖಂಡಿಗೋ ಕೊಟ್ಟ ಅಕ್ಕನನ್ನು ಒಂದು ಮಾತೂ ಕೇಳದೆ ಕಟ್ಟಡವನ್ನು ಆ ಕಂಪನಿಗೆ ಮಾಡಿಕೊಟ್ಟರೆ, ಅದು ನ್ಯಾಯವೂ ಅಲ್ಲ, ಕಾನೂನಿನ ಮುಂದೆ ನಿಲ್ಲುವ ಕಾರ್ಯವೂ ಅಲ್ಲ. ಕುಟುಂಬದ ಆವಶ್ಯಕತೆ ಇಲ್ಲವೆ ಆಸ್ತಿಯ ಹಿತ ಇವುಗಳಿಲ್ಲದೆ ಕುಟುಂಬದ ಯಜಮಾನನು ಅವಿಭಕ್ತ ಆಸ್ತಿಯನ್ನು ಪರಾಧೀನ ಮಾಡಲಾರನು, ತನ್ನದೇ ಕಂಪನಿಗೆ ಮಾಡುವ ವರ್ಗಾವಣೆಯಲ್ಲಿ ಅಂತಹ ಆವಶ್ಯಕತೆಯನ್ನು ತೋರಿಸುವುದು ಕಷ್ಟ. ಮೊದಲು ವಾಟಣಿ ಪತ್ರವಾಗಲಿ, ಎಲ್ಲರ ಪಾಲೂ ನಿಶ್ಚಿತವಾಗಲಿ. ಅದರ ಮೇಲೆ ಬೇಕೆಂದವರು ತಮ್ಮ ತಮ್ಮ ಪಾಲನ್ನು ಇಷ್ಟಬಂದಂತೆ ಮಾಡಿಕೊಳ್ಳಲಿ.

ಹಾಗಾದರೆ ಕಂಪನಿಯೇ ನಮ್ಮ ಭಾಗಕ್ಕೆ ಒಗ್ಗದ ವಸ್ತುವೇ? ಎಂದಿಗೂ ಅಲ್ಲ. ಕೃಷ್ಣಾತೀರದ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆಯು 1939ರಲ್ಲಿಯೇ ಪರಿಮಿತ ಕಂಪನಿಯಾಗಿ ಹುಟ್ಟಿತು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಕಾರ್ಖಾನೆಗಳು ಸಹಕಾರದ ಮಾರ್ಗವನ್ನು ಹಿಡಿದವು. ಹಲವರ ಬಂಡವಾಳವನ್ನು ಒಟ್ಟುಗೂಡಿಸಿ ದೊಡ್ಡ ಸಾಹಸಕ್ಕೆ ಕೈಹಾಕುವಾಗ, ಒಬ್ಬೊಬ್ಬನ ಹೊಣೆಯನ್ನು ಅವನು ಹಾಕಿದ ಹಣಕ್ಕಷ್ಟೇ ಸೀಮಿತಗೊಳಿಸುವ ಸಂಸ್ಥೆ ಬೇಕೇಬೇಕೆಂಬುದನ್ನು ನಮ್ಮ ಜನ ಚೆನ್ನಾಗಿ ಬಲ್ಲರು. ಆದರೆ ಉಗಾರದ ಉದಾಹರಣೆಯಲ್ಲಿ ಗಮನಿಸಬೇಕಾದುದು, ಸಂಸ್ಥೆಯು ಮೊದಲು ಹುಟ್ಟಿ ಕಾರ್ಯವು ಅದರ ಹೆಸರಿನಲ್ಲಿ ಆರಂಭವಾಯಿತೆಂಬುದು. ಬಾಡಿಗೆಯ ಆಸ್ತಿಗೂ ಇದೇ ಕ್ರಮವು ಶ್ರೇಯಸ್ಕರ. ನಾಲ್ಕಾರು ಜನ ಕೂಡಿ ಹೆದ್ದಾರಿಯ ಬದಿಗೆ ಹೊಸ ಗೋದಾಮುಗಳನ್ನು ಕಟ್ಟಿಸಿ ಬಾಡಿಗೆಗೆ ಕೊಡುವ ಯೋಜನೆಯಿದ್ದರೆ, ಎಲ್‌ಎಲ್‌ಪಿಯನ್ನೋ ಕಂಪನಿಯನ್ನೋ ಮೊದಲು ಸ್ಥಾಪಿಸಿ, ಜಾಗವನ್ನು ಅದರ ಹೆಸರಿನಲ್ಲಿಯೇ ಕೊಂಡು, ಸಾಲವನ್ನೂ ಅದರ ಹೆಸರಿನಲ್ಲಿಯೇ ತೆಗೆದರೆ, ಮುದ್ರಾಂಕವನ್ನು ಒಮ್ಮೆ ಮಾತ್ರ ಕೊಟ್ಟಂತಾಗುತ್ತದೆ, ಬಂಡವಾಳ ಲಾಭದ ಪ್ರಶ್ನೆಯೇ ಏಳುವುದಿಲ್ಲ, ಬ್ಯಾಂಕಿನ ಷರತ್ತು ಮುರಿಯುವ ಪ್ರಸಂಗವೂ ಬಾರದು. ಬಾಡಿಗೆಗೆ ಕೊಡುವುದೇ ಮುಖ್ಯೋದ್ದೇಶವಾಗಿರುವ ಕಂಪನಿಯ ಬಾಡಿಗೆಯನ್ನು ವ್ಯಾಪಾರದ ಆದಾಯವೆಂದು ಎಣಿಸಬಹುದೆಂದು 2015ರಲ್ಲಿ ಚೆನ್ನೈ ಪ್ರಾಪರ್ಟೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಿದುದು ಅಂತಹವರಿಗೆ ಅನುಕೂಲವಾದೀತು. ಒಂದೆರಡು ಹಳೆಯ ಮಳಿಗೆಗಳ ಮಾಲೀಕನಾದರೋ, ಸಾಲವನ್ನು ತೀರಿಸಿ, ವಾಟಣಿಯನ್ನೋ ಮೃತ್ಯುಪತ್ರವನ್ನೋ ಕ್ರಮವಾಗಿ ಮಾಡಿ, ಒಳ್ಳೆಯ ವಿಮೆಯನ್ನು ಇಳಿಸಿ, ಆಸ್ತಿಯನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಳ್ಳುವುದು ಮೇಲು.

ಇಷ್ಟಾದರೂ ಬೇರೆ ಬೇರೆ ಕಾರಣಗಳಿಂದ ವರ್ಗಾವಣೆ ಮಾಡಲೇಬೇಕೆಂದು ನಿಶ್ಚಯಿಸಿದವರು ಕ್ರಮವನ್ನು ತಪ್ಪಕೂಡದು. ಸಾಲಪತ್ರದ ಪೂರ್ತಿ ಪ್ರತಿಯನ್ನು ತರಿಸಿ ವಕೀಲರಿಂದ ಓದಿಸಿರಿ. ಬ್ಯಾಂಕಿಗೆ ಲಿಖಿತ ಅರ್ಜಿಯನ್ನು ಕೊಟ್ಟು, ಸಮ್ಮತಿಯನ್ನು ಮಾತಿನಲ್ಲಲ್ಲ, ಆಡಳಿತ ಮಂಡಳಿಯ ಅಧಿಕಾರವುಳ್ಳ ಪತ್ರದಲ್ಲಿ ಪಡೆಯಿರಿ. ಹಳೆಯ ಸಾಲಗಾರನನ್ನು ಹೊಣೆಯಿಂದ ಬಿಡುಗಡೆ ಮಾಡಿದೆಯೇ ಇಲ್ಲವೇ ಎಂಬುದು ಆ ಪತ್ರದಲ್ಲಿ ಅಕ್ಷರಶಃ ಬರೆದಿರಬೇಕು. ಖರೇದಿಯಾದ ಮೂವತ್ತು ದಿನಗಳೊಳಗೆ ಅಡವಿನ ಭಾರವನ್ನು ಕಂಪನಿಗಳ ರಿಜಿಸ್ಟ್ರಾರರಲ್ಲಿ ನೋಂದಾಯಿಸಬೇಕಾಗುತ್ತದೆ, ಉತಾರದಲ್ಲಿಯೂ ಇ-ಆಸ್ತಿ ದಾಖಲೆಯಲ್ಲಿಯೂ ಹೊಸ ಹೆಸರು ಏರಬೇಕಾಗುತ್ತದೆ. ಇವೆಲ್ಲ ಆಮೇಲಿನ ಕೆಲಸಗಳು. ಬ್ಯಾಂಕಿನ ಸಮ್ಮತಿಪತ್ರ ಕೈಗೆ ಬರುವವರೆಗೆ, ಯಾರು ಎಷ್ಟೇ ಅವಸರಪಡಿಸಿದರೂ, ಖರೇದಿ ಪತ್ರಕ್ಕೆ ಸಹಿ ಹಾಕಬೇಡಿರಿ.